ಕಲ್ಲಿನ ಹಾಸಿಗೆ ಕೇಳಿಕೊಂಡು ಬಂದಾಕೆ

ಮದುವೆಯಾಗಿ ಕಂಪ್ಲಿಯಿಂದ ಬಂದ ಹೊಸದರಲ್ಲಿ ನನಗೆ ಅತ್ತೆಯ ಮೇಲೆ ಒಂದು ಅನುಮಾನ ಶುರುವಾಯಿತು. ಪ್ರತಿ ಅಮಾವಾಸ್ಯೆಗೆ ಅವರು ರೊಟ್ಟಿ ಬಡಿದಿಟ್ಟು, ತಂಬಿಗೆಯಲ್ಲಿ ಎಣ್ಣೆ ತುಂಬಿಕೊಂಡು, ಸಿಂಧೂರದ ಪೊಟ್ಟಣವನ್ನು ಸೆರಗಿಗೆ ಗಂಟು ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದರು. ದೇವರಿಗೆ ಹೋಗುವವರು ಮುಂಬಾಗಿಲಿನಿಂದ ಹೋಗುತ್ತಾರೆ, ಓಣಿಯಲ್ಲಿ ಸಿಕ್ಕವರಿಗೆ ಹೇಳಿ ಹೋಗುತ್ತಾರೆ. ಅತ್ತೆ ಹಿತ್ತಲಿನಿಂದ ಹೋಗುತ್ತಿದ್ದರು. ಮಧ್ಯಾಹ್ನ ತಿರುಗಿ ಬಂದಾಗ ಎರಡೂ ಕೈ ಮಣಿಕಟ್ಟಿನ ತನಕ ಕೆಂಪಗಿರುತ್ತಿದ್ದವು. ನಾನೂ ಬರುತ್ತೇನೆ ಎಂದರೆ, "ಹೊಸದಾಗಿ ಬಂದಾಕಿ ನೀ. ಬ್ಯಾಡ. ಅಲ್ಲಿ ಕರಡಿ ಅದಾವ," ಎನ್ನುತ್ತಿದ್ದರು. ಕರಡಿ ಇರುವ ಕಡೆ ನೀವೊಬ್ಬರೇ ಹೇಗೆ ಹೋಗುತ್ತೀರಿ ಎಂದು ಕೇಳಬೇಕೆನಿಸಿದರೂ ಕೇಳಲಿಲ್ಲ. ಹೊಸ ಸೊಸೆ ಕೇಳುವ ಮಾತಲ್ಲ ಅದು.

ನನ್ನ ಗಂಡನ ಊರು ಸಂಡೂರು ತಾಲೂಕಿನಲ್ಲಿ, ಚೋರನೂರಿನ ಕಡೆ. ಊರ ಹೆಸರು ಬರೆಯುವುದಿಲ್ಲ. ಬರೆದರೆ ಅತ್ತೆ ನನ್ನ ಜೊತೆ ಮಾತು ಬಿಡುತ್ತಾರೆ. ಗಂಡನದು ಸ್ಟೀಲ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಕುರೆಕುಪ್ಪದಲ್ಲಿ ರೂಮು ಮಾಡಿಕೊಂಡಿದ್ದವರು ವಾರದ ರಜೆಗೆ ಮಾತ್ರ ಊರಿಗೆ ಬರುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ. ನಾನು ಹೊಳೆದಂಡೆಯ ಊರಿನವಳು, ಗದ್ದೆ ಬಾಳೆತೋಟ ನೋಡಿ ಬೆಳೆದವಳು. ಇಲ್ಲಿ ಎಲ್ಲಿ ನೋಡಿದರೂ ಕೆಂಪು ಗುಡ್ಡ. ಅದಿರಿನ ಲಾರಿ ಹೋದ ಮೇಲೆ ಅಂಗಳದ ತುಳಸಿಯೂ ಕೆಂಪು.

ಗಂಡನನ್ನು ಕೇಳಿದೆ. "ಗವಿ ಅಜ್ಜಗ ಎಣ್ಣಿ ಹಚ್ಚಾಕ ಹೋಗ್ತಾಳ. ನಮ್ಮ ಮನೀದು ಪದ್ಧತಿ ಐತಿ," ಎಂದು ಹೇಳಿ ಮಗ್ಗುಲು ತಿರುಗಿದರು. ಅಷ್ಟಕ್ಕೇ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಒಂದು ದಿನ ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದಾಗ ಇಬ್ಬರು ಬೈಕಿನಲ್ಲಿ ಬಂದು, ಇಲ್ಲಿ ಹಳೇ ಗವಿಗಳು ಇದಾವಂತಲ್ಲ, ಎಲ್ಲಿ ಎಂದು ಕೇಳಿದರು. ಅಲ್ಲಿದ್ದ ಹೆಂಗಸರೆಲ್ಲ ಒಂದೇ ಬಾಯಲ್ಲಿ, "ಅಂಥಾದ್ದೇನಿಲ್ಲ್ರಿ ಈ ಊರಾಗ. ಕರಡಿ ಅದಾವ," ಎಂದರು. ಆ ಮಾತನ್ನು ಎಲ್ಲರೂ ಬಾಯಿಪಾಠ ಮಾಡಿಟ್ಟುಕೊಂಡಂತಿತ್ತು. ಬೈಕು ತಿರುಗಿಹೋಗುವ ತನಕ ಯಾರೂ ಕೊಡ ಎತ್ತಲಿಲ್ಲ. ಆಗ ನನಗೆ ಅನಿಸಿತು: ಇದು ಬರೀ ಅತ್ತೆಯ ಗುಟ್ಟಲ್ಲ, ಇಡೀ ಊರಿನದು. ಮೇಲೆ ನಿಧಿ ಇರಬೇಕು ಎಂದುಕೊಂಡೆ. ಹಂಪಿಯ ಸುತ್ತ ಯಾವ ಹಾಳು ಗುಡಿ ನೋಡಿದರೂ ದೇವರ ಪೀಠದ ಕೆಳಗೆ ಅಗೆದಿರುತ್ತಾರೆ. ನಮ್ಮ ಕಡೆಯವರಿಗೆ ಇದೇನೂ ಹೊಸದಲ್ಲ.

ಅತ್ತೆಗೆ ಮೊಣಕಾಲು ನೋವು ಬಂದ ಮೇಲೆ ನನ್ನ ದಾರಿ ಸುಲಭವಾಯಿತು. ತಂಬಿಗೆ ಹಿಡಿದು ಏರಲು ಆಗದೆ, ಒಂದು ಅಮಾವಾಸ್ಯೆಗೆ, "ಬಾ. ಆದ್ರ ನಿಮ್ಮ ತವರುಮನಿಯಾಗ ಬಾಯಿ ಬಿಡಬ್ಯಾಡ," ಎಂದು ಕರೆದುಕೊಂಡು ಹೋದರು. ಸೀತಾಫಲದ ಪೊದೆಗಳ ನಡುವೆ ಹಾದಿಯೇ ಕಾಣದ ಹಾದಿ. ಅತ್ತೆ ಒಂದೊಂದು ಕಡೆ ನಿಂತು ಹಿಂದೆ ತಿರುಗಿ ನೋಡುತ್ತಿದ್ದರು. ನನ್ನನ್ನಲ್ಲ, ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು.

ಗವಿ ಎಂದರೆ ಬಂಡೆಯ ಬಿರುಕು ಎಂದು ತಿಳಿದಿದ್ದೆ. ಇದು ಹಾಗಿರಲಿಲ್ಲ. ಬಂಡೆಯನ್ನು ಕೊರೆದು ಮಾಡಿದ ಸಾಲು ಕೋಣೆಗಳು. ಮಾಳಿಗೆಯ ತುಂಬ ಉಳಿಯ ಗೆರೆಗಳು, ಹೊಲದಲ್ಲಿ ಕುಂಟೆ ಎಳೆದ ಹಾಗೆ. ಒಂದು ಕೋಣೆಯಲ್ಲಿ ಗೋಡೆಗೆ ಹೊಂದಿಕೊಂಡು ಕಲ್ಲಿನ ಹಾಸಿಗೆ, ತಲೆಯ ಕಡೆ ದಿಂಬಿನಂತೆ ಉಬ್ಬು. ಇನ್ನೊಂದರ ಗೋಡೆಯಲ್ಲಿ ಜೋಳದ ರಾಶಿಯಂಥ ಗುಂಡನೆಯ ಕೆತ್ತನೆ. ನಡುವಿನ ಕೋಣೆಯಲ್ಲಿ ಅಜ್ಜ. ಕಾಲು ಮಡಚಿ, ಮಡಿಲಲ್ಲಿ ಕೈ ಮೇಲೆ ಕೈ ಇಟ್ಟು ಕುಳಿತಿದ್ದ. ಸಿಂಧೂರ ಮೆತ್ತಿ ಮೆತ್ತಿ ಮೈಯೆಲ್ಲ ದಪ್ಪಗಾಗಿ ಮುಖದ ಆಕಾರವೇ ಉಳಿದಿರಲಿಲ್ಲ. ಅದರ ಮೇಲೆ ಬೆಳ್ಳಿಯ ಕಣ್ಣು ಅಂಟಿಸಿ, ಕರೀ ಬಣ್ಣದಲ್ಲಿ ಹುರಿ ಮೀಸೆ ಬರೆದಿದ್ದರು.

ನಾನು ಬಿ.ಎ.ದಲ್ಲಿ ಇತಿಹಾಸ ಓದಿದವಳು. ಹೀಗೆ ಕುಳಿತವರು ಯಾರೆಂದು ಅಷ್ಟಿಷ್ಟು ಗೊತ್ತಿತ್ತು. ಒಂದೋ ಬುದ್ಧ, ಇಲ್ಲವೇ ಜಿನ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಅತ್ತೆ ಅಜ್ಜನ ಮೈಗೆ ಎಣ್ಣೆ ಸಿಂಧೂರ ಹಚ್ಚಿದ್ದು ಸ್ವಲ್ಪ. ಉಳಿದದ್ದನ್ನೆಲ್ಲ ತಲೆಯ ಮೇಲೆ, ಗೋಡೆಯಲ್ಲಿದ್ದ ಕೆತ್ತನೆಗೆ ಬಳಿದರು. ಒಂದರ ಮೇಲೊಂದು ಕೊಡೆ ಹಿಡಿದಂಥ ಆಕಾರ. ಆಮೇಲೆ ಪಕ್ಕದ ಕೋಣೆಗೆ ಹೋಗಿ ಆ ಗುಂಡನೆಯ ರಾಶಿಗೂ ಬಳಿದು ಬಂದರು. ಇದು ಪೂಜೆಯಲ್ಲ, ಮುಚ್ಚಿಡುವುದು ಎಂದು ನನಗೆ ಖಾತ್ರಿಯಾಯಿತು.

ಇಳಿಯುವಾಗ ಕೇಳಿಯೇಬಿಟ್ಟೆ. "ಅತ್ತೀ, ಕೊಡಿಗ್ಯಾಕ ಹಚ್ಚಿದ್ರಿ?"

ಅವರು ತಡೆದು ತಡೆದು ಹೇಳಿದರು. ಅವರ ಅಕ್ಕನ ಮನೆ ಹಂಪಿಯ ಕಡೆ ಒಂದು ಹಳೇ ಮಂಟಪಕ್ಕೆ ಹೊಂದಿಕೊಂಡಿತ್ತಂತೆ. ದನ ಕಟ್ಟುತ್ತಿದ್ದದ್ದು ಮಂಟಪದಲ್ಲಿ. "ಯಾರೋ ಬಂದು ಕಲ್ಲು ನೋಡಿದ್ರು. ಅದಕ್ಕೊಂದು ಹೆಸರು ಇಟ್ರು. ಹೆಸರು ಬಂದ ಮ್ಯಾಲೆ ಬೇಲಿ ಬಂತು. ಬೇಲಿ ಬಂದ ಮ್ಯಾಲೆ ನಮ್ಮಕ್ಕ ಎಲ್ಲಿರ್ಬೇಕು? ಈ ಅಜ್ಜಗೂ ಹೆಸರಿಟ್ರ ನಾವು ಎಲ್ಲಿಗೆ ಹೋಗೂಣು?" ಗುಡ್ಡದ ಆಚೆ ಮಗ್ಗುಲಲ್ಲಿ ಅದಿರು ನೋಡುವವರು ಬಣ್ಣದ ಕೋಲು ನೆಟ್ಟು ಅಳತೆ ಮಾಡಿದ್ದನ್ನೂ ಊರವರು ಮರೆತಿರಲಿಲ್ಲ. ಕಲ್ಲನ್ನು ಸರಕಾರ ನೋಡಿದರೂ ಭಯ, ಗಣಿಯವರು ನೋಡಿದರೂ ಭಯ. ಹಾಗಾಗಿ ಕಲ್ಲು ನೋಡುವವರೆಲ್ಲ ಕಳ್ಳರೇ.

ಇಷ್ಟರ ನಡುವೆ ಆ ಹೆಂಗಸು ಬಂದಳು.

ನಾನು ಸಂಡೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಕುಳಿತವಳು ಅರವತ್ತು ದಾಟಿದಾಕೆ, ಕನ್ನಡಕ, ನೂಲಿನ ಸೀರೆ, ತೊಡೆಯ ಮೇಲೆ ಬಟ್ಟೆಯ ಚೀಲ. ಹಾಸನದ ಕಡೆಯ ಮಾತು. "ನಿಮ್ಮೂರಿನ ಬೆಟ್ಟದಲ್ಲಿ ಕಲ್ಲಿನ ಹಾಸಿಗೆಗಳು ಇವೆಯಂತಲ್ಲಮ್ಮ, ಹೋಗೋಕೆ ದಾರಿ ಇದೆಯಾ?" ಎಂದಳು. ಗವಿ ಎನ್ನಲಿಲ್ಲ, ದೇವರು ಎನ್ನಲಿಲ್ಲ, ನೇರವಾಗಿ ಹಾಸಿಗೆ ಎಂದಳು. ಒಳಗೆ ಏನಿದೆ ಎಂದು ತಿಳಿದುಕೊಂಡೇ ಬಂದಿದ್ದಾಳೆ! "ನಂಗೇನು ಗೊತ್ತಿಲ್ಲ್ರಿ, ನಾ ಹೊಸದಾಗಿ ಬಂದಾಕಿ," ಎಂದು ಕಿಟಕಿಯ ಕಡೆ ತಿರುಗಿದೆ. ನನ್ನ ಬಾಯಿಗೂ ಕರಡಿ ಬಂದುಬಿಟ್ಟಿತ್ತು, ಕಷ್ಟಪಟ್ಟು ತಡೆದೆ.

ಬಸ್ಸಿಳಿದು ಕಿರಾಣಿ ಅಂಗಡಿಗೆ ಹೋಗಿ ಮನೆಗೆ ಬಂದರೆ, ಆಕೆ ನಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ಎದುರಿಗೆ ಅತ್ತೆ. "ಕುಂದ್ರಿ, ಕುಂದ್ರಿ, ಬಿಸಲಾಗ ಎಲ್ಲಿಗೆ ಹೊಂಟೀರಿ, ಮಂಡಕ್ಕಿ ಮೆಣಸಿನಕಾಯಿ ತಿನ್ರಿ," ಎಂದು ಉಪಚಾರ ನಡೆದಿತ್ತು. ಅಪರಿಚಿತರಿಗೆ ಇಷ್ಟು ಉಪಚಾರ ಮಾಡಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಗೊತ್ತಾಯಿತು, ಅದು ಹೊತ್ತು ಕಳೆಯುವ ಉಪಾಯ. ಹೊತ್ತು ಇಳಿದರೆ ಗುಡ್ಡ ಹತ್ತಲಾಗುವುದಿಲ್ಲವಲ್ಲ. ಆಕೆ ಮಾತ್ರ ಈರುಳ್ಳಿ ಬಿದ್ದ ಮಂಡಕ್ಕಿ ಮುಟ್ಟಲಿಲ್ಲ. ನೀರು ಕೊಟ್ಟರೆ, ಚೀಲದಿಂದ ಬಿಳೀ ಬಟ್ಟೆ ತೆಗೆದು ಸೋಸಿಕೊಂಡು ಕುಡಿದಳು. ಸಂಜೆಯ ಬಸ್ಸಿಗೆ ಅವಳು ಸಂಡೂರಿನ ಲಾಡ್ಜಿಗೆ ತಿರುಗಿ ಹೋದ ಮೇಲೆ ಅತ್ತೆ ಸಿಡಿಮಿಡಿಗುಟ್ಟಿದರು. "ನಮ್ಮನಿ ನೀರು ಸೋಸಿ ಕುಡಿತಾಳ. ವಿಷ ಹಾಕ್ತೀವಂತ ತಿಳಕಂಡಾಳೇನು? ತಾನು ಕಳ್ಳಿ ಆದ್ರ ಊರೆಲ್ಲಾ ಕಳ್ಳರ ಕಾಣ್ತಾರ."

ಮರುದಿನ ಮತ್ತೆ ಬಂದಳು. ಅತ್ತೆ ಆಕೆಯನ್ನು ಕೆರೆಯ ಆಚೆಯ ಗುಡ್ಡಕ್ಕೆ ಕಳಿಸಿದರು. ಬಿಸಿಲಲ್ಲಿ ಅಲೆದು, ಸೀರೆಯ ಅಂಚಿಗೆಲ್ಲ ಮುಳ್ಳು ಮೆತ್ತಿಸಿಕೊಂಡು ಬಂದವಳು ಒಂದು ಮಾತನ್ನೂ ಬಯ್ಯಲಿಲ್ಲ. ಆಮೇಲೆ ಇನ್ನೆರಡು ಸಲ ಬಂದಾಗಲೂ ಅತ್ತೆ ಬೇರೆ ಬೇರೆ ದಿಕ್ಕು ತೋರಿಸಿದರು, ಆಗಲೂ ಅಷ್ಟೆ. ಇದು ಇನ್ನೂ ದೊಡ್ಡ ಅನುಮಾನಕ್ಕೆ ಕಾರಣವಾಯಿತು. ತಪ್ಪು ಹಾದಿ ತೋರಿಸಿದವರ ಮೇಲೆ ಸಿಟ್ಟಾಗದವರು ಯಾವ ಜಾತಿಯ ಮನುಷ್ಯರು? ಚಹಾದಂಗಡಿಯಲ್ಲಿ ದಿನಕ್ಕೊಂದು ಮಾತು ಹುಟ್ಟಿತು. ಗಣಿಯವರು ಕಳಿಸಿದ್ದಾರೆ ಎಂದು ಒಬ್ಬರು, ಸರಕಾರದ ಪೈಕಿ ಎಂದು ಒಬ್ಬರು. ಚಹಾದಂಗಡಿಯವನು ಮಾತ್ರ, "ನಿಧಿ. ಹೆಂಗಸರನ್ನ ಮುಂದ ಬಿಟ್ಟು ಜಾಗ ನೋಡಿಸ್ತಾರ," ಎಂದು ಗ್ಲಾಸು ತೊಳೆಯುತ್ತ ಹೇಳುತ್ತಿದ್ದ. ನಾನು ನಿಧಿಯ ಪಕ್ಷವೇ ಆಗಿದ್ದೆ.

ಮುಂದಿನ ಅಮಾವಾಸ್ಯೆಗೆ ನಾನೂ ಅತ್ತೆಯೂ ಗುಡ್ಡ ಹತ್ತಿದೆವು. ಗವಿಯ ಬಾಯಲ್ಲಿ ಹೊಸ ಮಣ್ಣು ಬಿದ್ದಿತ್ತು. ಒಳಗೆ ಅಜ್ಜನ ಮುಂದೆ ಆಳಕ್ಕೆ ಅಗೆದಿದ್ದರು. ಕೊಯ್ದ ನಿಂಬೆಹಣ್ಣು, ಒಡೆದ ತೆಂಗಿನಕಾಯಿ, ಅರಿಶಿನ ಚೆಲ್ಲಿದ್ದ ಗೆರೆ. ಹಾರೆಯ ಏಟು ಅಜ್ಜನ ಮೊಣಕಾಲಿಗೂ ಬಿದ್ದಿತ್ತು. ಆ ಪೆಟ್ಟಿಗೋ ಏನೋ, ತಲೆತಲಾಂತರದಿಂದ ಹಚ್ಚಿದ ಸಿಂಧೂರದ ಹೆಕ್ಕಳೆ ಮುಖದಿಂದ ಒಂದೇ ಚಿಪ್ಪಾಗಿ ಕಳಚಿ ನೆಲಕ್ಕೆ ಬಿದ್ದಿತ್ತು. ಮೀಸೆ ಅದರಲ್ಲೇ ಇತ್ತು. ಬೆಳ್ಳಿ ಕಣ್ಣು ಇರಲಿಲ್ಲ.

ಅತ್ತೆ ಮೊದಲು ಗುಂಡಿ ನೋಡಿ ಎದೆ ಬಡಿದುಕೊಂಡರು. ಆಮೇಲೆ ತಲೆಯೆತ್ತಿದರು. ಮೇಲೆ ಬೇರೆಯೇ ಮುಖ. ನುಣುಪು ಕೆನ್ನೆ, ಉದ್ದ ಕಿವಿ, ಅರೆ ಮುಚ್ಚಿದ ಕಣ್ಣು. ಅವರ ಅತ್ತೆ, ಅತ್ತೆಯ ಅತ್ತೆ ಯಾರೂ ನೋಡಿರದ ಮುಖ. ಬಹಳ ಹೊತ್ತು ನೋಡಿ, "ಇವ ಅಜ್ಜ ಅಲ್ಲಲೇ," ಎಂದರು ಮೆಲ್ಲಗೆ. "ಹುಡುಗ ಅದಾನ. ನಿನ್ನ ಗಂಡಗಿಂತ ಸಣ್ಣಾವ."

ಊರಿಗೆಲ್ಲ ಸುದ್ದಿ ಹಬ್ಬಿತು; ಮರುದಿನ ಬೆಳಗಿನ ಬಸ್ಸಿನಿಂದ ಆಕೆ ಇಳಿದಳು. ಗಂಡಸರು ಸುತ್ತುಗಟ್ಟಿದರು. ಚಹಾದಂಗಡಿಯವನು ಚೀಲ ಕಸಿದು ಬೆಂಚಿನ ಮೇಲೆ ಸುರಿದ. ಟಾರ್ಚು, ನೀರಿನ ಬಾಟಲಿ, ಸೋಸುವ ಬಟ್ಟೆ, ಬಾಳೆಹಣ್ಣು, ಒಂದು ಸಣ್ಣ ಚಾಪೆ.

"ಟಾರ್ಚ್ ಯಾಕ್ರಿ? ಹಗಲೊತ್ತು ಬರಾರಿಗೆ ಟಾರ್ಚ್ ಯಾಕ?"

"ಗುಹೆ ಒಳಗೆ ಕತ್ತಲೆ ಇರುತ್ತಲ್ಲಪ್ಪ."

"ಅಂದ್ರ ನೀವು ಗವಿ ನೋಡೀರಿ!"

"ನೋಡಿದ್ದೇನೆ," ಎಂದಳು. ಸುಳ್ಳು ಹೇಳಿ ಪಾರಾಗಬಹುದಿತ್ತು, ಹೇಳಲಿಲ್ಲ. "ಈ ಅಮ್ಮ ಮೂರು ದಿಕ್ಕು ತೋರಿಸಿದರು. ತೋರಿಸದೆ ಬಿಟ್ಟದ್ದು ಒಂದೇ ದಿಕ್ಕು, ಆ ಕಡೆ ಹೋದೆ. ಬಾಗಿಲಿಗೆ ಹೋದಾಗ ಎಣ್ಣೆ ವಾಸನೆ ಬಂತು. ಯಾರದೋ ಪೂಜೆ ನಡೆಯುವ ಜಾಗ, ಕೇಳದೆ ಹೇಗೆ ಕಾಲಿಡಲಿ ಅಂತ ವಾಪಸ್ ಬಂದೆ. ಇವತ್ತು ಕೇಳೋಣ ಅಂತಲೇ ಬಂದಿದ್ದು."

"ಏನು ಕೇಳಾಕ?"

ಆಕೆ ಗಂಡಸರನ್ನು ಬಿಟ್ಟು ಅತ್ತೆಯ ಕಡೆ ತಿರುಗಿ ಹೇಳಿದಳು. ಆಕೆಗೆ ಒಬ್ಬಳೇ ಮಗಳು. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವಳು ಎಲ್ಲವನ್ನೂ ಬಿಟ್ಟು ದೀಕ್ಷೆ ತೆಗೆದುಕೊಂಡು ಸನ್ಯಾಸಿನಿಯಾದಳು. ತಲೆಗೂದಲನ್ನು ಕೈಯಿಂದಲೇ ಕಿತ್ತುಕೊಂಡಳು. ಈಗ ಬರಿಗಾಲಲ್ಲಿ ಊರೂರು ನಡೆಯುತ್ತಾಳೆ, ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಾಳೆ, ನೆಲದ ಮೇಲೆ ಮಲಗುತ್ತಾಳೆ. "ಹತ್ತಿ ಹಾಸಿಗೆಯಲ್ಲೂ ಹೊರಳಾಡೋ ಹುಡುಗಿ ಅದು. ಈಗ ನನ್ನನ್ನು ಅಮ್ಮ ಅನ್ನೋದಿಲ್ಲ. ನಾನೇ ಅವಳಿಗೆ ನಮಸ್ಕಾರ ಮಾಡಬೇಕು. ನಿದ್ದೆ ಬರುತ್ತಾ ಅಂತ ಕೇಳಿದರೆ ನಗುತ್ತಾಳೆ. ಹಿಂದಿನ ಕಾಲದ ಮುನಿಗಳು ಮಲಗುತ್ತಿದ್ದ ಕಲ್ಲಿನ ಮೇಲೆ ನಾನೂ ಒಂದು ಸಲ ಮಲಗಿ ನೋಡಬೇಕು, ನಿದ್ದೆ ಬರುತ್ತೋ ಇಲ್ಲವೋ ಅಂತ. ಅಷ್ಟೇ."

ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ. ಮಲಗುವುದಕ್ಕೆಂದು ಯಾರಾದರೂ ಹಾಸನದಿಂದ ಬರುತ್ತಾರಾ? ಚಹಾದಂಗಡಿಯವನು ಪೊಲೀಸರಿಗೆ ಫೋನ್ ಮಾಡೋಣ ಎಂದ. ಅತ್ತೆ ಕೈ ಅಡ್ಡ ಹಿಡಿದರು. ಪೊಲೀಸರು ಬಂದರೆ ಗವಿಯನ್ನೂ ನೋಡುತ್ತಾರಲ್ಲ, ಅವರ ಲೆಕ್ಕ ಅವರಿಗೆ.

"ಆತು. ಮಲಗಾಕ ಬಂದಿದ್ರ ಮಲಗಿ ತೋರಸ್ರಿ," ಎಂದರು. "ನಡೀರಿ."

ಮೊಣಕಾಲು ನೋವಿನ ಅತ್ತೆ ಮುಂದೆ, ಆಕೆ ನಡುವೆ, ಚೀಲ ಹಿಡಿದು ನಾನು ಹಿಂದೆ. ನಡುದಾರಿಯವರೆಗೆ ಕೆಲವು ಗಂಡಸರು ಬಂದು, ಬಿಸಿಲಿಗೆ ಬೇಸತ್ತು ಕುಳಿತರು. ಗವಿಯೊಳಗೆ ಬಂದ ಮೇಲೆ ಆಕೆ ಗುಂಡಿಯನ್ನೂ ಮೊಣಕಾಲಿನ ಗಾಯವನ್ನೂ ನೋಡಿ ಬಾಯಿಗೆ ಸೆರಗು ಹಿಡಿದಳು. ಆ ಹೊಸ ಮುಖದ ಮುಂದೆ ಕೈಮುಗಿದು ನಿಂತಳು. ಅತ್ತೆ ಆಕೆಯ ಕಣ್ಣು ಎಲ್ಲೆಲ್ಲಿ ಓಡುತ್ತದೆ ಎಂದು ನೋಡುತ್ತಿದ್ದರು.

"ಇವರು ಯಾರ್ರಿ?" ನಾನೇ ಕೇಳಿದೆ.

"ತಲೆ ಮೇಲೆ ಮುಕ್ಕೊಡೆ ಇದೆಯಲ್ಲ, ನಮ್ಮ ತೀರ್ಥಂಕರರು ಇರಬೇಕು. ಯಾವ ತೀರ್ಥಂಕರರು ಅಂತ ನನಗೆ ಗೊತ್ತಾಗೋದಿಲ್ಲಮ್ಮ." ಪಕ್ಕದ ಕೋಣೆಗೆ ಇಣುಕಿ, ಆ ಗುಂಡನೆಯ ಕೆತ್ತನೆ ನೋಡಿ ತಡೆದಳು. "ಇದು ನಮ್ಮವರದ್ದಲ್ಲ. ಬೌದ್ಧರ ಸ್ತೂಪ ಹೀಗಿರುತ್ತೆ. ಮೊದಲು ಅವರಿದ್ದು, ಬಿಟ್ಟುಹೋದ ಮೇಲೆ ಇವರು ಬಂದರೇನೋ. ಆಮೇಲೆ ನೀವು ಬಂದಿರಿ."

ಅತ್ತೆಗೆ ಆ ಕೊನೆಯ ಮಾತು ಹಿಡಿಸಲಿಲ್ಲ. "ಮಲಗ್ರಿ ನೀವು," ಎಂದರು.

ಆಕೆ ಸಣ್ಣ ಚಾಪೆ ಹಾಸಲು ಹೋದವಳು, ಬೇಡವೆಂದು ಸುತ್ತಿಟ್ಟಳು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಆ ಕಲ್ಲಿನ ಮೇಲೆ ಮಗ್ಗುಲಾಗಿ, ಕಾಲು ಮಡಚಿ ಮಲಗಿದಳು. ತಲೆ ಆ ಕಲ್ಲಿನ ಉಬ್ಬಿಗೆ ಸರಿಯಾಗಿ ಕೂತಿತು. ಅತ್ತೆ ಬಾಗಿಲಿಗೆ ಅಡ್ಡಲಾಗಿ ಕುಳಿತು ಕಣ್ಣು ಕೀಳದೆ ನೋಡತೊಡಗಿದರು. ನಾಟಕವಾಡುವವರ ಕಣ್ಣುರೆಪ್ಪೆ ಅದುರುತ್ತದೆ ಎಂದು ಅವರು ನನಗೆ ಹಿಂದೆ ಹೇಳಿದ್ದರು. ನಾನೂ ರೆಪ್ಪೆಯನ್ನೇ ನೋಡಿದೆ. ಮೊದಲು ಅದುರಿತು. ಕಣ್ಣಂಚಿನಿಂದ ನೀರು ಇಳಿದು ಕಲ್ಲಿಗೆ ಬಿತ್ತು. ಹೊರಗೆ ನವಿಲೊಂದು ಕೂಗಿತು. ಸ್ವಲ್ಪ ಹೊತ್ತಾದ ಮೇಲೆ ಉಸಿರು ದೀರ್ಘವಾಯಿತು, ಬಾಯಿ ಕೊಂಚ ತೆರೆಯಿತು, ಸಣ್ಣಗೆ ಗೊರಕೆ ಶುರುವಾಯಿತು. ಮಗು ನಿದ್ದೆ ಹೋದ ಮೇಲೆ ಬಿಡುವಂಥ ಒಂದು ನಿಟ್ಟುಸಿರನ್ನೂ ಬಿಟ್ಟಳು.

"ಖರೆ ನಿದ್ದಿ," ಎಂದು ಅತ್ತೆ ಪಿಸುಗುಟ್ಟಿದರು. "ಕಳ್ಳರಿಗೆ ಹಿಂಗ ನಿದ್ದಿ ಬರಂಗಿಲ್ಲ."

ಎದ್ದಾಗ ಹೊತ್ತು ವಾಲಿತ್ತು. ಕೆನ್ನೆಯ ಮೇಲೆ ಉಳಿಯ ಗೆರೆಗಳು ಅಚ್ಚಾಗಿದ್ದವು. "ಬಂತು," ಎಂದಳು ನಮ್ಮಿಬ್ಬರನ್ನೂ ನೋಡಿ, ಬಹಳ ಸಣ್ಣ ದನಿಯಲ್ಲಿ. "ನಿದ್ದೆ ಬಂತು." ಅತ್ತೆ ಕೈ ಕೊಟ್ಟು ಎಬ್ಬಿಸಿದರು.

ಇಳಿದು ಬಂದ ಮೇಲೆ ಅತ್ತೆ ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ ಅರೆದು, ಬಿಸಿ ರೊಟ್ಟಿ ಮೊಸರು ಇಟ್ಟರು. ನೀರನ್ನು ತಾವೇ ಬಟ್ಟೆಯಲ್ಲಿ ಸೋಸಿ ಕೊಟ್ಟರು. ಕತ್ತಲಾಗುವುದರೊಳಗೆ ಆಕೆ ಉಂಡು ಮುಗಿಸಿದಳು. ಬಸ್ಸು ಹತ್ತಿಸಲು ಹೋದಾಗ ಚಹಾದಂಗಡಿಯ ಹತ್ತಿರ ಇನ್ನೂ ಜನ ನಿಂತಿದ್ದರು. ಅತ್ತೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಹೊರಗಿನವರಿಗೆಲ್ಲಾ ಹಾದಿ ತಪ್ಪಿಸಿ ಕಳಿಸ್ತಿದ್ದವರು ನಾವ. ಹಾರಿ-ಗುದ್ದಲಿ ಹೊತ್ತು ಪೊದಿಯಾಗ ಹಾಯ್ದು ಹೋಗೂ ಅಷ್ಟು ಹಾದಿ ಗೊತ್ತಿದ್ದವರು ಯಾರು? ನೀವ ಹೇಳ್ರಿ." ಚಹಾದಂಗಡಿಯವನು ಒಲೆ ಊದಲು ಬಗ್ಗಿದ.

ಅಗೆದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಆದರೆ ಅವತ್ತಿನಿಂದ ಊರಿನ ಅನುಮಾನ ದಿಕ್ಕು ಬದಲಿಸಿತು. ಹೊಸ ಬೈಕು ಕೊಂಡವರನ್ನು ಜನ ಎರಡು ಸಲ ನೋಡಿದರು. ಮಗಳ ಮದುವೆ ಜೋರಾಗಿ ಮಾಡಿದವರ ಮನೆಯ ಊಟ ಕೆಲವರ ಗಂಟಲಲ್ಲಿ ಇಳಿಯಲಿಲ್ಲ. ಅತ್ತೆ ನನ್ನ ಗಂಡನನ್ನೂ ಬಿಡಲಿಲ್ಲ. ಆ ಅಮಾವಾಸ್ಯೆಯ ಹಿಂದಿನ ದಿನ ಯಾವ ಶಿಫ್ಟು ಎಂದು ನನ್ನಿಂದ ಕೇಳಿಸಿದರು. ನೈಟ್ ಶಿಫ್ಟಿತ್ತು, ಬದುಕಿಕೊಂಡರು. ಗುಂಡಿಯನ್ನು ನಾನು ಅತ್ತೆ ಸೇರಿ ಮುಚ್ಚಿದೆವು. ಕೊಡೆಗೂ ರಾಶಿಗೂ ಅತ್ತೆ ಮತ್ತೆ ದಪ್ಪಗೆ ಸಿಂಧೂರ ಬಳಿದರು. ಮುಖಕ್ಕೆ ಮಾತ್ರ ಹಚ್ಚಲಿಲ್ಲ. "ಆ ಹುಡುಗ ಉಸಿರಾಡ್ಲಿ," ಎಂದರು.

ಬಸ್ಸು ಹತ್ತುವ ಮುಂಚೆ ಆಕೆ ಮೊಬೈಲ್ ನಂಬರು ಕೇಳಿದ್ದಳು. ಅತ್ತೆಯೇ ಬಾಯಲ್ಲಿ ಹೇಳಿದ್ದರು. ವಾರಗಟ್ಟಲೆ ಫೋನು ಬರಲಿಲ್ಲ. ಬೇಜಾರಾಗಿ ಒಂದು ದಿನ ಹಾಗಂದೆ.

"ಹೆಂಗ ಬರ್ತೈತಿ? ಕಡೀ ಅಂಕಿ ಬ್ಯಾರೆ ಹೇಳೀನಿ," ಎಂದರು ಅತ್ತೆ, ಅಕ್ಕಿ ಆರಿಸುತ್ತ.

"ಯಾಕ್ರಿ ಅತ್ತೀ! ಅಷ್ಟೆಲ್ಲಾ ಮಾಡಿ?"

"ನಿದ್ದಿ ಮಾಡಿದ್ದು ಖರೆ. ಎದ್ದು ಊರಿಗೆ ಹೋದ ಮ್ಯಾಲೆ ಯಾರ ಮುಂದ ಏನ್ ಹೇಳ್ತಾಳ, ಯಾರಿಗ್ ಗೊತ್ತು?"

ಈಗ ನಾವು ಹೊಸಪೇಟೆಯಲ್ಲಿದ್ದೇವೆ. ಅತ್ತೆಯೂ ನಮ್ಮ ಜೊತೆಯೇ. ಹೋದ ಚಳಿಗಾಲದಲ್ಲಿ ನನ್ನ ತಮ್ಮನ ಮಗುವಿನ ಹೆಸರಿಡುವ ಶಾಸ್ತ್ರಕ್ಕೆ ಅತ್ತೆಯನ್ನು ಕರೆದುಕೊಂಡು ಆಟೊದಲ್ಲಿ ಕಂಪ್ಲಿಗೆ ಹೊರಟಿದ್ದೆ. ದಾರಿಯಲ್ಲಿ ಕಬ್ಬಿನ ಗದ್ದೆಯ ಪಕ್ಕ ಕೆಲವರು ಸನ್ಯಾಸಿನಿಯರು ನಡೆದು ಬರುತ್ತಿದ್ದರು. ಬಿಳೀ ಸೀರೆ, ಬರಿಗಾಲು, ಕೈಯಲ್ಲಿ ನವಿಲುಗರಿಯ ಪಿಂಛಿ. ಅತ್ತೆ ಆಟೊ ನಿಲ್ಲಿಸಿದರು. ನಾನು ಬೇಡವೆನ್ನುವಷ್ಟರಲ್ಲಿ ಇಳಿದು, ಕುಂಟುತ್ತ ಹೋಗಿ, ಅವರಲ್ಲಿ ಚಿಕ್ಕವರಾಗಿ ಕಂಡ ಒಬ್ಬರಿಗೆ ನಮಸ್ಕಾರ ಮಾಡಿದರು.

"ನಿಮ್ಮ ತಾಯಾರು ಹಾಸನದ ಕಡಿಯವ್ರೇನ್ರಿ? ಕನ್ನಡಕ ಹಾಕ್ಕಂತಾರೇನ್ರಿ?"

ಆ ಸನ್ಯಾಸಿನಿ ನಕ್ಕರು. "ನಮಗೆ ಈಗ ಊರು ಮನೆ ಏನೂ ಇಲ್ಲಮ್ಮ," ಎಂದು ಆಶೀರ್ವಾದದ ಕೈ ಎತ್ತಿ ಮುಂದೆ ನಡೆದರು. ಅತ್ತೆ ರಸ್ತೆಯಲ್ಲೇ ನಿಂತು, ಆ ಹಿಮ್ಮಡಿಗಳು ದೂರವಾಗುವ ತನಕ ನೋಡಿದರು. "ರಾತ್ರಿ ನಿದ್ದಿ ಬರ್ತೈತಂತ ಕೇಳಾದಿತ್ತು," ಎಂದರು. ಬಂದು ಆಟೊದಲ್ಲಿ ಕುಳಿತು, ಮೊಣಕಾಲು ತಿಕ್ಕಿಕೊಳ್ಳುತ್ತ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಆಕೀನ ಇರ್ಬೇಕು ನೋಡು. ಹೇಳವಲ್ಲಳು. ಏನೋ ಮುಚ್ಚಿಡ್ತಾಳ."